ಒಂದೇ ಮಾತ್ರೆ, ಎರಡು ಹೆಸರು

ಅಮ್ಮನ ಕಾಲಿನ ಊತ ಇಳಿದಿದೆ. ಫೋನ್ ಮಾಡಿ ಕೇಳುತ್ತಿದ್ದ ಎಲ್ಲರಿಗೂ ಮೊದಲು ಇದನ್ನೇ ಹೇಳಿಬಿಡುತ್ತೇನೆ. ನನ್ನ ಸಿಟ್ಟು ಮಾತ್ರ ಇನ್ನೂ ಹಾಗೇ ಇದೆ.

ಅಮ್ಮನ ಹೃದಯದ ರಕ್ತನಾಳ ಕಟ್ಟಿಕೊಂಡು, ಅದನ್ನು ತೆರೆದಿಡುವ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಹಾಕಿಸಬೇಕಾಯಿತು. ಜಿಲ್ಲಾಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಂಡು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದಿಲ್ಲದಿದ್ದರೆ ತೋಟ ಅಡ ಇಡಬೇಕಿತ್ತು. ಅಲ್ಲಿ ಚಿಕಿತ್ಸೆಯೂ ಚೆನ್ನಾಗೇ ಆಯಿತು. ನನ್ನ ತಕರಾರು ಇರುವುದು ಡಿಸ್ಚಾರ್ಜ್ ದಿನ ಕೊಟ್ಟ ಚೀಟಿಯ ಬಗ್ಗೆ.

ಅಮ್ಮ ಆರು ವರ್ಷದಿಂದ ತಾಲ್ಲೂಕು ಆಸ್ಪತ್ರೆಯ ಬಿಪಿ ಮಾತ್ರೆ ನುಂಗುತ್ತಾಳೆ. ಆಮ್ಲೋಡಿಪಿನ್, 5 ಎಂಜಿ. ತಿಂಗಳಿಗೊಮ್ಮೆ ಹೋದರೆ ಪುಕ್ಕಟೆ ಕೊಡುತ್ತಾರೆ. ಖಾಸಗಿ ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದೆಲ್ಲ ಕಂಪನಿ ಹೆಸರುಗಳು, ಅಂದರೆ ಕಂಪನಿಯವರು ಮಾತ್ರೆಗೆ ಇಟ್ಟ ಹೆಸರುಗಳು. "ಹಳೇ ಮಾತ್ರೆ ಏನು ಮಾಡ್ಲಿ ಸರ್?" ಅಂತ ಕೇಳಿದೆ. "ಮುಂದುವರಿಸಿ" ಅಂದರು. ಹಳೇ ಮಾತ್ರೆಯ ಪಟ್ಟಿ ಕೈಯಲ್ಲೇ ಹಿಡಿದಿದ್ದೆ, ಅವರು ನೋಡಲಿಲ್ಲ.

ಹತ್ತು ದಿನಕ್ಕೆ ಅಮ್ಮನ ಪಾದ ಊದಿಕೊಂಡಿತು. ಬಚ್ಚಲಲ್ಲಿ ತಲೆ ಸುತ್ತಿ ಗೋಡೆ ಹಿಡಿದು ಕೂತಳು. ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ಔಷಧಿ ಕೊಡುವ ಮೇಡಂ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು, ಹೊಸ ಮಾತ್ರೆಯ ಸ್ಟ್ರಿಪ್ ಮೇಲೆ ಕಂಪನಿ ಹೆಸರಿನ ಜೊತೆಗಿದ್ದ ಸಣ್ಣ ಅಕ್ಷರ ತೋರಿಸಿದರು. ಒಂದೇ ಮಾತ್ರೆಯಲ್ಲಿ ಎರಡು ಬಿಪಿ ಔಷಧಿ: ಟೆಲ್ಮಿಸಾರ್ಟನ್, ಆಮ್ಲೋಡಿಪಿನ್. ಅಮ್ಮ ಆಮ್ಲೋಡಿಪಿನ್ನನ್ನೇ ದಿನಾ ಎರಡು ಸಲ ನುಂಗುತ್ತಿದ್ದಳು! ಡಾಕ್ಟರ್ ಬಿಪಿ ನೋಡಿ ಕೂಡಲೇ ಒಂದನ್ನು ನಿಲ್ಲಿಸಿದರು.

ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ ಓದುವಂತೆ ಬರೆಯಬೇಕು ಅಂತ ವೈದ್ಯಕೀಯ ಮಂಡಳಿಯ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಆಗಿದೆ. ಒಂದು ಪದ ಬರೆಯುವುದು ಅಷ್ಟು ಕಷ್ಟವಾ?

"ಎರಡು ಕಡೆ ಯಾಕೆ ಓಡಾಡ್ತೀರಿ, ಒಂದೇ ಕಡೆ ತೋರಿಸಿ" ಅಂತ ನಮ್ಮ ಭಾವ ಹೇಳಿದರು. ಹೇಗೆ ಸಾಧ್ಯ ಭಾವ? ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕುವುದಿಲ್ಲ. ಪ್ರತಿ ತಿಂಗಳ ಮಾತ್ರೆಗೆ ಮೈಸೂರಿಗೆ ಹೋಗುವ ಶಕ್ತಿ ನಮಗಿಲ್ಲ. ನಮ್ಮಂಥವರು ಎರಡೂ ಕಡೆ ಹೋಗಲೇಬೇಕು. ಅಲ್ಲಿಯವರಿಗೆ ಇಲ್ಲಿಯ ಚೀಟಿ ಕಾಣುವುದಿಲ್ಲ, ಇಲ್ಲಿಯವರಿಗೆ ಅಲ್ಲಿಯದು ಕಾಣುವುದಿಲ್ಲ. ನಡುವೆ ಇಂಗ್ಲಿಷ್ ಬಾರದ ನನ್ನ ಅಮ್ಮ.

ಒಂದು ವಿಷಯ ಒಪ್ಪಿಕೊಳ್ಳಬೇಕು. "ಸರ್ಕಾರಿ ಮಾತ್ರೆಗೆ ಪವರ್ ಇಲ್ಲ ಬಿಡಮ್ಮ" ಅಂತ ಎಷ್ಟೋ ಸಲ ಹೇಳಿದವನು ನಾನೇ. ಆ ಕೌಂಟರಿನ ಮುಂದೆ ನಿಂತಾಗ ಅದೆಲ್ಲ ನೆನಪಾಗಿ ಗಂಟಲು ಕಟ್ಟಿತು.

ಇವತ್ತು ಮೈಸೂರಿಗೆ ಚೆಕಪ್‌ಗೆ ಹೋಗಿದ್ದೆವು. ಪ್ರತಿ ಕಂಪನಿ ಹೆಸರಿನ ಕೆಳಗೂ ಔಷಧಿ ಹೆಸರು ಬರೆದುಕೊಡಿ ಅಂತ ಪಟ್ಟು ಹಿಡಿದೆ. ಬರೆದುಕೊಟ್ಟರು, ಎರಡು ನಿಮಿಷವೂ ಆಗಲಿಲ್ಲ. ಈಗ ಅದನ್ನೆಲ್ಲ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಮ್ಮನ ಡಬ್ಬಿಗೆ ಅಂಟಿಸುತ್ತಿದ್ದೇನೆ. ಅಮ್ಮ ಪಕ್ಕದಲ್ಲೇ ಕೂತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಹೆಸರನ್ನು ಕ್ಲೋಪಿಡೋಗ್ರೆಲ್ ಅಂತ ಅಕ್ಷರ ಕೂಡಿಸಿ ಓದುತ್ತಿದ್ದಾಳೆ.