ಮೊಟ್ಟೆ ತುಂಬಿದ ಬಾಳೆ ಮೀನನ್ನು ಬಿಡಿ

ಬೆಳಿಗ್ಗೆಯಿಂದ ಎಲ್ಲ ಗ್ರೂಪ್‌ಗಳಲ್ಲೂ ಒಂದೇ ವಿಡಿಯೋ. ತುಂಗಭದ್ರೆಯ ಒಂದು ಬ್ಯಾರೇಜ್ ಕೆಳಗೆ ಹುಡುಗರಿಬ್ಬರು ಭಾರಿ ಬಾಳೆ ಮೀನೊಂದನ್ನು ಎತ್ತಿ ಹಿಡಿದಿದ್ದಾರೆ. ಸುತ್ತ ಸಿಳ್ಳೆ, ಕೇಕೆ. ಅದರ ಹೊಟ್ಟೆ ಯಾರಾದರೂ ನೋಡಿದಿರಾ? ಮೊಟ್ಟೆ ತುಂಬಿ ಉಬ್ಬಿದೆ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಾನು ಮೀನು ತಿನ್ನುವವನು, ನಿಮಗೆ ಗೊತ್ತು. ವರದಾ ಬಂದು ತುಂಗಭದ್ರೆಗೆ ಸೇರುವ ಗಳಗನಾಥದ ಕಡೆಯವನು. ಮೀನೇ ಹಿಡಿಯಬೇಡಿ ಅಂತ ಹೇಳುತ್ತಿಲ್ಲ. ಹೊಸ ನೀರು ಬಂದ ಈ ದಿನಗಳಲ್ಲಿ ಬಿಡಿ ಅಷ್ಟೇ.

ಮಳೆ ಬಿದ್ದು ಹೊಳೆ ಏರಿದಾಗಲೇ ಬಾಳೆ, ರೋಹು, ಕಟ್ಲಾ ಮೊಟ್ಟೆ ಇಡುವುದು. ಅದಕ್ಕಾಗಿ ಸೆಳವಿಗೆ ಎದುರಾಗಿ ಮೇಲೆ ಹೊರಡುತ್ತವೆ. ಈಗ ಬ್ಯಾರೇಜ್ ಗೋಡೆ ಅಡ್ಡ. ದಾರಿ ಸಿಗದೆ ಗೇಟಿನ ಕೆಳಗೆ ಗುಂಪಾಗಿ ನಿಲ್ಲುತ್ತವೆ. ಅಲ್ಲಿ ಬಲೆ ಬೀಸುವುದು ಹೆರಿಗೆಗೆ ತವರಿಗೆ ಹೊರಟವಳನ್ನು ದಾರಿಯಲ್ಲಿ ಅಡ್ಡಗಟ್ಟಿದ ಹಾಗೆ. ಇದರಲ್ಲಿ ಎಂಥ ಶೌರ್ಯ?

ಕಟ್ಲಾ, ರೋಹು ನಿಂತ ನೀರಿನ ಕೆರೆಯಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿಯವರು ಮೀನಿನ ಮೆದುಳಿನ ಕೆಳಗಿರುವ ಗ್ರಂಥಿಯ ರಸವನ್ನು ಚುಚ್ಚಿ ಮೊಟ್ಟೆ ಇಡಿಸಿದರು. ಅದಕ್ಕೂ ಮೊದಲು ಇವುಗಳ ಮರಿಗೆ ಹೊಳೆಯೇ ಗತಿ. ಈಗ ಮರಿ ಕೊಂಡು ತರಬಹುದು. ಆದರೆ ಬಾಳೆ? ಜೊತೆಗಿದ್ದ ಮೀನನ್ನೇ ನುಂಗುವ ಅದನ್ನು ಕೆರೆಯಲ್ಲಿ ಯಾರು ಸಾಕುತ್ತಾರೆ? ಅದಕ್ಕೆ ಹೊಳೆಯೇ ಬೇಕು. ಪ್ರಕೃತಿ ಉಳಿಸಲು ದುಡಿಯುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮಾಡಿದ, ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲೂ ಅದರ ಹೆಸರಿದೆ. ದೊಡ್ಡ ತಾಯಿ ಮೀನು ಸಣ್ಣದಕ್ಕಿಂತ ಎಷ್ಟೋ ಜಾಸ್ತಿ ಮೊಟ್ಟೆ ಇಡುತ್ತದೆ. ನಾವು ಹುಡುಕಿ ಹಿಡಿಯುವುದು ಆ ದೊಡ್ಡದನ್ನೇ!

ಇದೇ ತುಂಗಭದ್ರೆಯಲ್ಲಿ, ಡ್ಯಾಮಿನ ಕೆಳಗೆ, ನೀರುನಾಯಿಗಳಿಗಾಗಿ 2015ರಲ್ಲಿ 34 ಕಿಲೋಮೀಟರ್ ಹೊಳೆಯನ್ನು ಮೀಸಲಿಟ್ಟರು. ತುಂಬಾ ಒಳ್ಳೆಯ ಕೆಲಸ. ಆದರೆ ನೀರುನಾಯಿ ತಿನ್ನುವುದು ಮೀನನ್ನೇ ಅಲ್ವಾ? ಮೊಸಳೆಯೂ ಅದನ್ನೇ ನಂಬಿದೆ. ಮೀನಿಗೆ ಯಾರು ಗತಿ?

ಮೀನುಗಾರರ ಹೊಟ್ಟೆಪಾಡು ಏನಾಗಬೇಕು ಅಂತ ಒಬ್ಬ ಗೆಳೆಯ ಕೇಳಿದ. ವಿಡಿಯೋ ಇನ್ನೊಮ್ಮೆ ನೋಡು ಮಾರಾಯ. ಹಿಂದೆ ಸಾಲಾಗಿ ನಿಂತ ಕಾರುಗಳು ಯಾರವು? ರಜೆಗೆ ಬಂದವರದು. ನಮ್ಮೂರ ಅಂಬಿಗರು ಮೊಟ್ಟೆ ಮೀನು ಬಲೆಗೆ ಬಿದ್ದರೆ ಬೈದುಕೊಂಡೇ ನೀರಿಗೆ ಬಿಡುತ್ತಿದ್ದರು. ಮುಂದಿನ ವರ್ಷವೂ ಅವರು ಅದೇ ಹೊಳೆಗೆ ಇಳಿಯಬೇಕಲ್ಲ.

ಹೊಸ ನೀರಿನ ಕಾಲದಲ್ಲಿ ಗೇಟಿನ ಕೆಳಗೆ ಬಲೆ, ಗಾಳ ಎರಡನ್ನೂ ಸರ್ಕಾರ ನಿಲ್ಲಿಸಲಿ. ಆ ದಿನಗಳ ಖರ್ಚನ್ನು ಅಂಬಿಗರ ಮನೆಗಳಿಗೆ ಕೊಡಲಿ. ಗೇಟು ಕಾಯಲು ಅವರೇ ಮುಂದೆ ಬರುತ್ತಾರೆ.