ಶಾಸಕರಾಗಿದ್ದವರು ಜಡ್ಜ್ ಆದರೆ ತಪ್ಪೇನು?

"ರಾಜಕೀಯ ಮಾಡಿದವರನ್ನು ನ್ಯಾಯಪೀಠದ ಹತ್ತಿರಕ್ಕೂ ಬಿಡಬಾರದು" ಅಂತ ಸಾಗರದ ಪರಿಚಯದ ವಕೀಲರೊಬ್ಬರು ಖಡಾಖಂಡಿತವಾಗಿ ಹೇಳಿದರು. ನಾನು ಒಪ್ಪುವುದಿಲ್ಲ. ಶಾಸಕ, ಮಂತ್ರಿಯಾಗಿದ್ದು ಆಮೇಲೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ವಿ.ಆರ್. ಕೃಷ್ಣ ಅಯ್ಯರ್ ಅವರನ್ನು ನೋಡಿದ ಮೇಲೂ ಹೀಗೆ ಹೇಳುವುದು ಹೇಗೆ?

ತಲಶ್ಶೇರಿಯಲ್ಲಿ ರೈತರ, ಕಾರ್ಮಿಕರ ಕೇಸು ನಡೆಸುತ್ತಿದ್ದವರು. 1952ರಲ್ಲಿ ಮದ್ರಾಸ್ ವಿಧಾನಸಭೆಗೆ, 1957ರಲ್ಲಿ ಕೇರಳ ವಿಧಾನಸಭೆಗೆ ಪಕ್ಷೇತರರಾಗಿ ಗೆದ್ದು, ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸಂಪುಟದಲ್ಲಿ ಕಾನೂನು, ಗೃಹ, ಜೈಲು ಖಾತೆ ನೋಡಿಕೊಂಡರು. ಗೇಣಿದಾರರನ್ನು ಒಕ್ಕಲೆಬ್ಬಿಸದಂತೆ ತಡೆ ಹಾಕಿದ ಸರ್ಕಾರ ಅದು. 1951ರಲ್ಲಿ ಕಾಗೋಡಿನ ಗೇಣಿದಾರರು ಗದ್ದೆಗಿಳಿದು ಜೈಲಿಗೆ ಹೋದ ನೆಲದವರು ನಾವು, ಅದರ ಬೆಲೆ ನಮಗೆ ಗೊತ್ತು. ಕೃಷ್ಣ ಅಯ್ಯರ್ 1968ರಲ್ಲಿ ಕೇರಳ ಹೈಕೋರ್ಟಿಗೆ, 1973ರಲ್ಲಿ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯಾಗಿ ಹೋದರು.

1978ರ ಮೋತಿರಾಮ್ ಪ್ರಕರಣ ನೋಡಿ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿ ಜಾಮೀನು ಕೇಳಿದರು. ತಮ್ಮನೋ ಅಣ್ಣನೋ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಕೃಷ್ಣ ಅಯ್ಯರ್ ಒಂದು ಸಾವಿರದ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. ಇದನ್ನು ಓದುವಾಗ ನನಗೆ ಅಣೆಕಟ್ಟೆಗೆ ಊರು, ಗದ್ದೆ ಕಳೆದುಕೊಂಡ ನಮ್ಮ ಶರಾವತಿ ಮುಳುಗಡೆಯವರ ನೆನಪು. ಜಾಮೀನಿಗೆ ನಿಲ್ಲುವವರು ಪಹಣಿ ತರಬೇಕು. ತಲೆಮಾರಿನಿಂದ ಉಳುತ್ತಿದ್ದರೂ ಹಕ್ಕುಪತ್ರವೇ ಇಲ್ಲದವರು ಪಹಣಿ ಎಲ್ಲಿಂದ ತಂದಾರು? ಮಗ ಒಳಗೆ, ಅಪ್ಪ ಕೋರ್ಟ್ ಹೊರಗೆ ಪಹಣಿ ಇರುವವರ ಕೈಕಾಲು ಹಿಡಿಯುತ್ತಾ ನಿಂತಿರುತ್ತಾನೆ. ಬಡವರ ಈ ಪಾಡು ಮತ ಕೇಳಲು ಮನೆಮನೆ ತಿರುಗಿದವರಿಗೆ, ಜೈಲು ಖಾತೆ ನಡೆಸಿದವರಿಗೆ ಹೆಚ್ಚು ಬೇಗ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಪಕ್ಷಪಾತ ಮಾಡಿದರೆ ಅನ್ನುತ್ತೀರಾ? ಲೋಕಸಭೆಗೆ ತಮ್ಮ ಆಯ್ಕೆಯನ್ನು ರದ್ದುಮಾಡಿದ ಅಲಹಾಬಾದ್ ಹೈಕೋರ್ಟ್ ತೀರ್ಪಿಗೆ ತಡೆ ಕೇಳಿ 1975ರ ಜೂನ್‌ನಲ್ಲಿ ಇಂದಿರಾ ಗಾಂಧಿಯವರು ಹಾಕಿದ ಅರ್ಜಿ ಕೃಷ್ಣ ಅಯ್ಯರ್ ಮುಂದೆಯೇ ಬಂತು. ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ ಅಂತ ಜೂನ್ 24ರಂದು ಷರತ್ತಿನ ತಡೆ ಕೊಟ್ಟರು. ಪೂರ್ತಿ ತಡೆ ಸಿಗಲಿಲ್ಲ. ಮರುದಿನ ರಾತ್ರಿ ತುರ್ತುಪರಿಸ್ಥಿತಿ.

ಕೃಷ್ಣ ಅಯ್ಯರ್ ಅವರ ರಾಜಕೀಯ ಊರಿಗೆಲ್ಲ ಗೊತ್ತಿತ್ತು, ಹಾಗಾಗಿ ಅವರ ಪ್ರತಿ ತೀರ್ಪನ್ನೂ ಜನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ನನಗೆ ಭಯವಿರುವುದು ಒಲವನ್ನು ಮುಚ್ಚಿಟ್ಟುಕೊಂಡು ಪೀಠದಲ್ಲಿ ಕೂತು, ನಿವೃತ್ತಿಯ ಬೆನ್ನಲ್ಲೇ ಸರ್ಕಾರ ಕೊಟ್ಟ ಹುದ್ದೆ ಹಿಡಿಯುವವರ ಬಗ್ಗೆ. ಕೃಷ್ಣ ಅಯ್ಯರ್ ಕೂಡ 1987ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತರು, ನಿಜ. ಆದರೆ ನಿವೃತ್ತರಾಗಿ ಆರೂವರೆ ವರ್ಷ ಕಳೆದ ಮೇಲೆ, ಅದೂ ವಿರೋಧ ಪಕ್ಷಗಳ ಪರವಾಗಿ, ಸೋಲು ಖಚಿತ ಅಂತ ಗೊತ್ತಿದ್ದೂ.