ಜಾರಾ ಬಂದ ಮೇಲೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. 11 ಹಾಕಿಸೋಣ ಅಂದರೆ ನಮ್ಮ ಹಳೇ ಕಂಪ್ಯೂಟರು ಅದರ ಅರ್ಹತಾ ಪರೀಕ್ಷೆಯಲ್ಲೇ ಫೇಲು. ದೀಪಾವಳಿಗೆ ಬಂದ ಮಗ ಪೆನ್‌ಡ್ರೈವ್ ಚುಚ್ಚಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಟ್ಟು ಬೆಂಗಳೂರಿಗೆ ಹೊರಟುಹೋದ. ದುಡ್ಡು ಕೊಡಬೇಕಾಗಿಲ್ಲ, ಲೈಸೆನ್ಸ್ ಕೇಳುವವರಿಲ್ಲ.

ಈ ಮಿಂಟ್‌ನವರು ತಮ್ಮ ಪ್ರತಿ ಆವೃತ್ತಿಗೂ ಹೆಣ್ಣುಮಕ್ಕಳ ಹೆಸರಿಡುತ್ತಾರೆ. ಹಿಂದೆ ತಾರಾ, ಉಮಾ ಕೂಡ ಬಂದು ಹೋಗಿದ್ದಾರೆ. ನಮ್ಮ ಪಾಲಿಗೆ ಬಂದದ್ದು 22.2, ಜಾರಾ. ನಮ್ಮ ಯಜಮಾನರು ಜಗಲಿಯಲ್ಲಿ ನಿಂತು ಮಗನಿಗೆ ಫೋನಿನಲ್ಲಿ, "ಜಾರಾ ಬಲು ಚುರುಕು ಕಣೋ, ಹಳೆಯದರ ಸಹವಾಸ ಸಾಕಾಗಿತ್ತು" ಅಂತ ಕೂಗಿ ಹೇಳಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಆಕೆ ಸಂಜೆ ಕರಿಬೇವಿನ ನೆಪದಲ್ಲಿ ಬಂದು ನನ್ನ ಕೈ ಹಿಡಿದುಕೊಂಡರು.

ಮಗ ಡೈರಿಯಲ್ಲಿ ಒಂದೆರಡು ಕಮಾಂಡ್ ಬರೆದಿಟ್ಟಿದ್ದ. ಇವರು ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಅದನ್ನೇ ಟೈಪಿಸಿದರೆ ಪಾಸ್‌ವರ್ಡ್ ಕೇಳಿತು. ಇವರು ಒತ್ತೇ ಒತ್ತುತ್ತಾರೆ, ಪರದೆಯ ಮೇಲೆ ಒಂದು ಚುಕ್ಕಿಯೂ ಇಲ್ಲ. ಕೀಬೋರ್ಡು ಕೆಟ್ಟಿದೆ ಅಂತ ತಲೆಕೆಳಗು ಮಾಡಿ ಬಡಿದರು. ಕಡ್ಲೆಪುರಿ, ಸ್ಟೇಪ್ಲರ್ ಪಿನ್ನು, ಅರ್ಧ ಲವಂಗ ಬಿತ್ತು. ಫೋನ್ ಮಾಡಿದರೆ ಮಗ, "ನಾನೇ ಹಾಗೆ ಸೆಟ್ ಮಾಡಿಟ್ಟಿದ್ದೀನಿ ಅಪ್ಪ, ಹಿಂದೆ ನಿಂತವರು ಅಕ್ಷರ ಎಣಿಸಬಾರದು ಅಂತ ತೋರಿಸಲ್ಲ" ಅಂದ. ಹಿಂದೆ ನಿಂತಿದ್ದವಳು ನಾನೊಬ್ಬಳೇ. ಪಾಸ್‌ವರ್ಡು ನನ್ನ ಹೆಸರೇ.

ನಿಜವಾದ ಗಲಾಟೆ ಶುರುವಾದದ್ದು ಹಿರಿಯ ನಾಗರಿಕರ ಸಂಘದ ಕಡತ ತೆರೆದಾಗ. ಇವರು ಅದರ ಕಾರ್ಯದರ್ಶಿ. ಹಳೇ ವರದಿಗಳೆಲ್ಲ ಆಸ್ಕಿ ಕಾಲದ ಫಾಂಟಿನಲ್ಲಿದ್ದವು. ಅಂಥ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಮೂಲ ನಿವಾಸಿಗಳು ಎದ್ದು ಬರುತ್ತಾರೆ. 'ನ' ಇದ್ದಲ್ಲೆಲ್ಲ ಬ್ರಿಟಿಷ್ ಪೌಂಡು, 'ಪ' ಇದ್ದಲ್ಲೆಲ್ಲ ಜಪಾನಿನ ಯೆನ್ನು! ಅನ್ನದಾನ ನಿಧಿಯ ಪುಟದಲ್ಲಂತೂ ಪೌಂಡಿನ ಸುರಿಮಳೆ. "ಖಜಾಂಚಿ ನೋಡಿದರೆ ನಾನು ವಿದೇಶದಲ್ಲಿ ದುಡ್ಡಿಟ್ಟಿದ್ದೀನಿ ಅಂತಾನೆ ಕಣೇ" ಅಂತ ಇವರು ಬೆವೆತರು. ಮಗ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆಯಿರುವ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕ ತೋರಿಸಿಕೊಟ್ಟ ಮೇಲೆ ಪೌಂಡುಗಳೆಲ್ಲ ಕನ್ನಡಕ್ಕೆ ಮರಳಿದವು. ಕನ್ನಡ ಟೈಪಿಸುವ ಕಗಪ ಕೀಲಿಮಣೆ ವಿನ್ಯಾಸ ಮಿಂಟ್‌ನಲ್ಲೇ ಇತ್ತು, ಹುಡುಕಿ ಸೇರಿಸಿಕೊಂಡದ್ದಷ್ಟೇ ಕೆಲಸ.

ಉಳಿದದ್ದು ಪ್ರಿಂಟರು. ಮಿಂಟ್‌ನಂಥ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶದ ಕಥೆಯೇ ಪ್ರಿಂಟರಿನಿಂದ ಶುರುವಂತೆ. 1980ರ ಆಸುಪಾಸು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಲೇಸರ್ ಪ್ರಿಂಟರಿಗೆ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡರೆ ತಿಳಿಸುವಂತೆ ಮಾಡುತ್ತೇನೆ, ಪ್ರಿಂಟರಿನ ತಂತ್ರಾಂಶದ ಮೂಲ ಕೋಡ್ ಕೊಡಿ ಅಂತ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಕೇಳಿದರೆ ಸಿಗಲಿಲ್ಲ. ಆ ಸಿಟ್ಟೂ ಸೇರಿ 1983ರಲ್ಲಿ ಸ್ವತಂತ್ರ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಸಾರಿದರು. ಇಷ್ಟು ದೊಡ್ಡ ಹೋರಾಟವಾದ ಮೇಲೂ, ಪ್ರಿಂಟರಿನ ಸ್ವಿಚ್ಚು ಹಾಕಿದ್ದಾರೋ ಇಲ್ಲವೋ ಎಂದು ನೋಡುವ ಜವಾಬ್ದಾರಿಯನ್ನು ಮನುಷ್ಯರಿಗೇ ಬಿಟ್ಟಿದ್ದಾರೆ.

ಸಭೆಯ ನೋಟಿಸಿಗೆ ಇವರು ಪ್ರಿಂಟ್ ಕೊಟ್ಟರು. ಬರಲಿಲ್ಲ. ಮತ್ತೆ ಕೊಟ್ಟರು. ಹೆಚ್ಚು ಪ್ರತಿ ಕೇಳಿದರೆ ಮರ್ಯಾದೆ ಕೊಡುತ್ತದೇನೋ ಅಂತ ಇಪ್ಪತ್ತಿಪ್ಪತ್ತು ಕೇಳಿದರು. ಜಾರಾ ಒಂದನ್ನೂ ಮರೆಯದೆ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಳು. ಬೆಳಗ್ಗೆ ಮನೆಗೆಲಸದವಳು ಧೂಳು ಒರೆಸುತ್ತ ಸ್ವಿಚ್ಚು ಒತ್ತಿದ್ದೇ, ಟ್ರೇಯಲ್ಲಿ ಕಾಗದ ಖಾಲಿಯಾಗುವವರೆಗೂ ನೋಟಿಸು!

ದಂಡವಾಗಬಾರದೆಂದು ಇವರು ಬೀದಿಗೆಲ್ಲ ಹಂಚಿ ಬಂದರು. ಸಂಘದ ಸಭೆಗೆ ಅಷ್ಟು ಜನ ಎಂದೂ ಬಂದಿರಲಿಲ್ಲವಂತೆ, ಕುರ್ಚಿ ಸಾಲದೆ ಚಾಪೆ ಹಾಸಿದರು. ಮೂಲೆಮನೆಯ ಹುಡುಗ, ಈಗಷ್ಟೇ ಕೆಲಸಕ್ಕೆ ಸೇರಿದವನು, ಉಪ್ಪಿಟ್ಟು ತಿಂದು ಕೈ ತೊಳೆದು ಕೇಳಿದನಂತೆ: "ಅಂಕಲ್, ಮುಂದಿನ ಸಭೆ ಯಾವತ್ತು?"